ಡಿಸ್ಕಿನಲ್ಲಿರುವುದೆಲ್ಲ ಪರದೆಗೆ ಬರಲಿ



ಡೇವಿಡ್ ಲೀನ್ 1962ರಲ್ಲಿ ತೆರೆಗೆ ತಂದ ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರದಲ್ಲಿ ಒಂದು ದೃಶ್ಯವಿದೆ. ಮರುಭೂಮಿಯ ನಡುವೆ ಒಂದು ಬಾವಿ, ಬಾವಿಯ ಬಳಿ ಇಬ್ಬರು. ದೂರದ ದಿಗಂತದಲ್ಲಿ, ಬಿಸಿಲಿನ ಝಳಕ್ಕೆ ನಡುಗುವ ಗಾಳಿಯೊಳಗಿಂದ ಒಂದು ಕಪ್ಪು ಚುಕ್ಕೆ ಮೂಡುತ್ತದೆ. ಚುಕ್ಕೆ ಗೆರೆಯಾಗುತ್ತದೆ, ಗೆರೆ ಒಂಟೆಯಾಗುತ್ತದೆ, ಕೊನೆಗೆ ಒಂಟೆಯ ಮೇಲೆ ಕಪ್ಪು ಉಡುಪಿನ ಓಮರ್ ಷರೀಫ್ ಕಾಣುತ್ತಾರೆ. ಛಾಯಾಗ್ರಾಹಕ ಫ್ರೆಡ್ಡಿ ಯಂಗ್ ಈ ದೃಶ್ಯವನ್ನು 482 ಮಿಲಿಮೀಟರಿನ ಉದ್ದ ಲೆನ್ಸ್ ಹಾಕಿ, 65 ಮಿಲಿಮೀಟರ್ ಅಗಲದ ಫಿಲ್ಮಿನ ಮೇಲೆ ಸೆರೆಹಿಡಿದರು. ಆ ಅಗಲ ಫಿಲ್ಮಿನಲ್ಲಿ ಮರಳಿನ ಕಣ, ಗಾಳಿಯ ಅಲೆ, ಚುಕ್ಕೆ ಮೊದಲು ಅಲುಗುವ ಕ್ಷಣ, ಎಲ್ಲವೂ ಇವೆ.

ಮನೆಯ ಪರದೆಗೆ ಅದರಲ್ಲಿ ಎಷ್ಟು ಬರುತ್ತದೆ? ಡೀವಿಡಿಯ ಚಿತ್ರದಲ್ಲಿ ಅಡ್ಡಸಾಲಿಗೆ 720 ಚುಕ್ಕಿಗಳಿರುತ್ತವೆ. ಬ್ಲೂ-ರೇ ಡಿಸ್ಕಿನಲ್ಲಿ 1920. ಅಲ್ಟ್ರಾ ಎಚ್‌ಡಿ ಬ್ಲೂ-ರೇ, ಅಂದರೆ ಜನ ಸುಮ್ಮನೆ 4ಕೆ ಡಿಸ್ಕ್ ಎನ್ನುವುದರಲ್ಲಿ 3840. ಒಟ್ಟು ಚಿತ್ರದ ಲೆಕ್ಕ ಹಿಡಿದರೆ ಡೀವಿಡಿಯದು ಸುಮಾರು ನಾಲ್ಕು ಲಕ್ಷ ಚುಕ್ಕಿ, 4ಕೆ ಡಿಸ್ಕಿನದು ಸುಮಾರು 83 ಲಕ್ಷ. ಲಾರೆನ್ಸ್ ಚಿತ್ರದ ನೆಗೆಟಿವನ್ನು 8ಕೆ ಸೂಕ್ಷ್ಮತೆಯಲ್ಲಿ ಸ್ಕ್ಯಾನ್ ಮಾಡಿ ನವೀಕರಿಸಿದ ಪ್ರತಿ 2012ರಲ್ಲಿ ಸಿದ್ಧವಾಯಿತು. 2020ರಲ್ಲಿ ಆ ಚಿತ್ರ 4ಕೆ ಡಿಸ್ಕಾಗಿ ಹೊರಬಂತು. ಇಂಥ ಡಿಸ್ಕನ್ನು ಮನೆಯಲ್ಲಿ ಸರಿಯಾಗಿ ನೋಡಲು ಎಂಥ ಪ್ಲೇಯರ್ ಬೇಕು, ಅದನ್ನು ಹೇಗೆ ಜೋಡಿಸಬೇಕು ಎಂಬುದು ಇಂದಿನ ವಿಷಯ.

ಇಂಟರ್ನೆಟ್ಟಿನಲ್ಲೇ 4ಕೆ ಸಿನಿಮಾ ಸಿಗುವಾಗ ಡಿಸ್ಕ್ ಯಾಕೆ ಎಂದು ಕೇಳುವವರು ಬಹಳ ಮಂದಿ. ಉತ್ತರ ಲೆಕ್ಕದಲ್ಲೇ ಇದೆ. 4ಕೆ ಚಿತ್ರ ನೋಡಲು ನೆಟ್‌ಫ್ಲಿಕ್ಸ್ ಸೂಚಿಸುವ ವೇಗ ಸೆಕೆಂಡಿಗೆ 15 ಮೆಗಾಬಿಟ್. ಅಷ್ಟೂ ವೇಗ ಎರಡು ಗಂಟೆ ಬಿಡದೆ ಬಳಕೆಯಾದರೂ ಮನೆಗೆ ಬಂದಿಳಿಯುವುದು ಹದಿಮೂರೂವರೆ ಗಿಗಾಬೈಟ್. 4ಕೆ ಡಿಸ್ಕುಗಳು 50, 66 ಮತ್ತು 100 ಗಿಗಾಬೈಟ್ ಎಂಬ ಮೂರು ಅಳತೆಗಳಲ್ಲಿ ಬರುತ್ತವೆ. ಚಿತ್ರದ ಅಗಲ ಎತ್ತರ ಎರಡು ಕಡೆಯೂ ಒಂದೇ. ಅದರೊಳಗೆ ತುಂಬಿದ ಮಾಹಿತಿಯಲ್ಲಿ ಹಲವು ಪಟ್ಟು ಅಂತರ. ಈ ಅಂತರ ಎಲ್ಲ ದೃಶ್ಯಗಳಲ್ಲೂ ಎದ್ದು ಕಾಣುವುದಿಲ್ಲ. ಇಬ್ಬರು ಕೂತು ಮಾತಾಡುವ ದೃಶ್ಯದಲ್ಲಿ ಗೊತ್ತೇ ಆಗದಿರಬಹುದು. ಹೊಗೆ, ಮಳೆ, ಮರಳು, ಕತ್ತಲೆ ಕೋಣೆಯ ಗೋಡೆ ಬಂದಾಗ ಗೊತ್ತಾಗುತ್ತದೆ. ಹೆಚ್ಚು ಹಿಂಡಿದ ಚಿತ್ರದಲ್ಲಿ ಕತ್ತಲೆ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ, ಹೊಗೆ ಚೌಕಚೌಕವಾಗಿ ಚಲಿಸುತ್ತದೆ. ಧ್ವನಿಯೂ ಹಾಗೆಯೇ. ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿ ಅಥವಾ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಸ್ಟುಡಿಯೋದ ಧ್ವನಿಯನ್ನು ಒಂದು ಬಿಟ್ ಕೂಡ ಕಳೆಯದೆ ಕೊಡುತ್ತದೆ. ಇಂಟರ್ನೆಟ್ಟಿನಲ್ಲಿ ಬರುವುದು ಹಿಂಡಿ ಸಣ್ಣದಾಗಿಸಿದ ರೂಪ.

ಇಷ್ಟನ್ನು ಒಂದು ಅಂಗೈಯಗಲದ ಡಿಸ್ಕಿನಲ್ಲಿ ತುಂಬಲು ಸಾಧ್ಯವಾದದ್ದು ನೀಲಿ ಬೆಳಕಿನಿಂದ. ಸೀಡಿ ಓದುವ ಲೇಸರಿನ ತರಂಗಾಂತರ 780 ನ್ಯಾನೊಮೀಟರ್, ಡೀವಿಡಿಯದು 650, ಬ್ಲೂ-ರೇಯದು 405. ದಪ್ಪ ನಿಬ್ಬಿನ ಬದಲು ತೆಳು ನಿಬ್ಬು ಹಿಡಿದರೆ ಅದೇ ಹಾಳೆಯಲ್ಲಿ ಹೆಚ್ಚು ಸಾಲು ಬರೆಯಬಹುದಲ್ಲ, ಹಾಗೆ. ಡೀವಿಡಿಯಲ್ಲಿ ಸಾಲಿನಿಂದ ಸಾಲಿಗೆ 0.74 ಮೈಕ್ರಾನ್ ಅಂತರವಿದ್ದರೆ ಬ್ಲೂ-ರೇಯಲ್ಲಿ 0.32. ಜಪಾನಿನ ನಿಚಿಯಾ ಕಂಪನಿಯಲ್ಲಿ ಶೂಜಿ ನಕಾಮುರಾ ಗ್ಯಾಲಿಯಂ ನೈಟ್ರೈಡ್ ಹಿಡಿದು ವರ್ಷಗಟ್ಟಲೆ ದುಡಿದು, 1990ರ ದಶಕದಲ್ಲಿ ಮೊದಲು ಪ್ರಖರ ನೀಲಿ ಎಲ್‌ಇಡಿಯನ್ನೂ ನಂತರ ನೀಲಿ-ನೇರಳೆ ಲೇಸರನ್ನೂ ತಂದರು. ನೀಲಿ ಎಲ್‌ಇಡಿಗಾಗಿ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಅವರೊಂದಿಗೆ ನಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು.

2006ರಲ್ಲಿ ಬ್ಲೂ-ರೇ ಮಾರುಕಟ್ಟೆಗೆ ಬಂದಾಗ ಎದುರಾಳಿಯಾಗಿ ತೋಷಿಬಾ ಮುಂದಾಳತ್ವದ ಎಚ್‌ಡಿ ಡೀವಿಡಿ ಇತ್ತು. 2008ರ ಜನವರಿಯಲ್ಲಿ ವಾರ್ನರ್ ಸಂಸ್ಥೆ ಬ್ಲೂ-ರೇ ಪಕ್ಷ ಸೇರಿತು. ಮರುತಿಂಗಳೇ ತೋಷಿಬಾ ಕಣದಿಂದ ಹಿಂದೆ ಸರಿಯಿತು. ಎಚ್‌ಡಿ ಡೀವಿಡಿ ಕೊಂಡವರ ಕಪಾಟಿನಲ್ಲಿ ಡಿಸ್ಕ್ ಉಳಿಯಿತು, ಹೊಸ ಚಿತ್ರ ಬರುವುದು ನಿಂತಿತು. 2016ರಲ್ಲಿ ಬಂದ 4ಕೆ ಡಿಸ್ಕ್ ಬ್ಲೂ-ರೇಯ ಮುಂದಿನ ತಲೆಮಾರು. ಹಾಗಾಗಿ 4ಕೆ ಪ್ಲೇಯರಿನಲ್ಲಿ ಬ್ಲೂ-ರೇ, ಡೀವಿಡಿ ಎಲ್ಲ ಓಡುತ್ತವೆ. ಹಳೆಯ ಬ್ಲೂ-ರೇ ಪ್ಲೇಯರಿನಲ್ಲಿ ಮಾತ್ರ 4ಕೆ ಡಿಸ್ಕ್ ಓಡುವುದಿಲ್ಲ.

ಈಗ ಆಯ್ಕೆಯ ಮಾತು. ಒಂದು ಕಾಲಕ್ಕೆ ಹತ್ತಾರು ಮಾದರಿಗಳಿದ್ದ ಈ ಮಾರುಕಟ್ಟೆ ಕಿರಿದಾಗಿದೆ. ರಸಿಕರು ಬಹಳ ಮೆಚ್ಚಿದ ಒಪ್ಪೊ ಕಂಪನಿ 2018ರಲ್ಲಿ ಪ್ಲೇಯರ್ ತಯಾರಿಕೆ ನಿಲ್ಲಿಸಿತು. 2019ರಲ್ಲಿ ಸ್ಯಾಮ್ಸಂಗ್, 2024ರಲ್ಲಿ ಎಲ್‌ಜಿ ಹಿಂದೆ ಸರಿದವು. ದೊಡ್ಡ ಹೆಸರುಗಳಲ್ಲಿ ಸೋನಿ ಮತ್ತು ಪ್ಯಾನಸಾನಿಕ್ ಉಳಿದಿವೆ; ದುಬಾರಿ ವರ್ಗದಲ್ಲಿ ಮ್ಯಾಗ್ನೆಟಾರ್ ಬಂದಿದೆ. ಆಟದ ಯಂತ್ರಗಳೂ ಇವೆ. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 4ಕೆ ಡಿಸ್ಕ್ ಓಡಿಸುತ್ತವೆ. ಮನೆಯಲ್ಲಿ ಮಕ್ಕಳಿಗಾಗಿ ಅದು ಈಗಾಗಲೇ ಇದ್ದರೆ ಬೇರೆ ಪ್ಲೇಯರಿಗೆ ಹಣ ಹಾಕುವ ಮುನ್ನ ಅದರಲ್ಲೇ ಒಂದು ಡಿಸ್ಕ್ ಹಾಕಿ ನೋಡಬಹುದು. ಪ್ಲೇಸ್ಟೇಷನ್ 4 ಪ್ರೊ ಜಾಹೀರಾತಿನಲ್ಲಿ 4ಕೆ ಎಂದಿದ್ದರೂ ಅದು 4ಕೆ ಡಿಸ್ಕ್ ಓದುವುದಿಲ್ಲ ಎಂಬುದು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಗೊತ್ತಿರಬೇಕು.

ಯಾವ ಪ್ಲೇಯರ್ ಎಂಬುದನ್ನು ತೀರ್ಮಾನಿಸಬೇಕಾದ್ದು ಜಾಹೀರಾತಲ್ಲ. ಮನೆಯಲ್ಲಿರುವ ಟೀವಿ, ಮನೆಯಲ್ಲಿರುವ ಸ್ಪೀಕರ್, ಕಪಾಟಿನಲ್ಲಿರುವ ಡಿಸ್ಕುಗಳು, ಈ ಮೂರು.

ಮೊದಲು ಟೀವಿ. 4ಕೆ ಡಿಸ್ಕಿನ ದೊಡ್ಡ ಲಾಭ ಚುಕ್ಕಿಗಳ ಸಂಖ್ಯೆಯಷ್ಟೇ ಅಲ್ಲ, ಎಚ್‌ಡಿಆರ್ ಎಂಬ ಬೆಳಕಿನ ಹರವು ಕೂಡ. ದೀಪದ ಕುಡಿಯ ಹೊಳಪು, ಅದರ ಪಕ್ಕದ ಕತ್ತಲೆಯ ಆಳ, ಎರಡೂ ಒಂದೇ ಚೌಕಟ್ಟಿನಲ್ಲಿ ಉಳಿಯುವುದು ಇದರಿಂದ. ಎಲ್ಲ ಎಚ್‌ಡಿಆರ್ ಡಿಸ್ಕುಗಳಲ್ಲೂ ಎಚ್‌ಡಿಆರ್10 ಎಂಬ ಮೂಲ ಪದ್ಧತಿ ಇದ್ದೇ ಇರುತ್ತದೆ. ಅದರ ಮೇಲೆ ದೃಶ್ಯದಿಂದ ದೃಶ್ಯಕ್ಕೆ ಸೂಚನೆ ಕೊಡುವ ಎರಡು ಪದ್ಧತಿಗಳಿವೆ: ಡಾಲ್ಬಿ ವಿಷನ್ ಮತ್ತು ಎಚ್‌ಡಿಆರ್10 ಪ್ಲಸ್. ಸ್ಯಾಮ್ಸಂಗ್ ಟೀವಿಗಳಲ್ಲಿ ಡಾಲ್ಬಿ ವಿಷನ್ ಇಲ್ಲ, ಎಚ್‌ಡಿಆರ್10 ಪ್ಲಸ್ ಇದೆ. ಸೋನಿ ಮತ್ತು ಎಲ್‌ಜಿಯ ಹಲವು ಟೀವಿಗಳಲ್ಲಿ ಡಾಲ್ಬಿ ವಿಷನ್ ಇದೆ. ಪ್ಲೇಯರುಗಳಲ್ಲೂ ಇದೇ ಪಂಗಡ. ಸೋನಿಯ ಎಕ್ಸ್700 ಮತ್ತು ಎಕ್ಸ್800ಎಂ2 ಡಾಲ್ಬಿ ವಿಷನ್ ಕೊಡುತ್ತವೆ, ಎಚ್‌ಡಿಆರ್10 ಪ್ಲಸ್ ಕೊಡುವುದಿಲ್ಲ. ಪ್ಯಾನಸಾನಿಕ್‌ನ ಯುಬಿ820 ಎರಡನ್ನೂ ಕೊಡುತ್ತದೆ. ಪ್ಲೇಸ್ಟೇಷನ್ 5 ಡಿಸ್ಕಿನಿಂದ ಡಾಲ್ಬಿ ವಿಷನ್ ಕೊಡುವುದಿಲ್ಲ. ಹಾಗಾಗಿ ಸ್ಯಾಮ್ಸಂಗ್ ಟೀವಿ ಇರುವ ಮನೆಯಲ್ಲಿ ಡಾಲ್ಬಿ ವಿಷನ್ನಿಗೆಂದು ಹೆಚ್ಚು ದುಡ್ಡು ಕೊಡುವುದು ವ್ಯರ್ಥ.

ಇನ್ನೊಂದು ಗುಣ ಯಾರೂ ಹೆಚ್ಚು ಹೇಳುವುದಿಲ್ಲ. ಎಚ್‌ಡಿಆರ್ ಚಿತ್ರಗಳನ್ನು ಸ್ಟುಡಿಯೋದಲ್ಲಿ ಸಾಮಾನ್ಯವಾಗಿ 1,000 ಅಥವಾ 4,000 ನಿಟ್ ಪ್ರಖರತೆಗೆ ಸಿದ್ಧಪಡಿಸುತ್ತಾರೆ. ಮನೆಯ ಎಷ್ಟೋ ಟೀವಿಗಳಿಗೆ ಅಷ್ಟು ಬೆಳಕು ಚೆಲ್ಲುವ ಶಕ್ತಿ ಇರುವುದಿಲ್ಲ. ಪ್ರೊಜೆಕ್ಟರಿಗಂತೂ ಇಲ್ಲವೇ ಇಲ್ಲ. ಆಗ ಮೋಡದ ಬಿಳಿ ಅಂಚು ಕರಗಿ ಒಂದೇ ಬಿಳುಪಾಗುತ್ತದೆ, ಇಲ್ಲವೇ ಇಡೀ ಚಿತ್ರ ಮಂಕಾಗುತ್ತದೆ. ಪ್ಯಾನಸಾನಿಕ್‌ನ ಪ್ಲೇಯರುಗಳಲ್ಲಿರುವ ಎಚ್‌ಡಿಆರ್ ಆಪ್ಟಿಮೈಸರ್ ಎಂಬ ಸೌಲಭ್ಯ ಟೀವಿಯ ಶಕ್ತಿಗೆ ತಕ್ಕಂತೆ ಬೆಳಕನ್ನು ಹದಮಾಡಿ ಕಳಿಸುತ್ತದೆ. ಸಾಧಾರಣ ಟೀವಿ ಅಥವಾ ಪ್ರೊಜೆಕ್ಟರ್ ಇಟ್ಟುಕೊಂಡವರಿಗೆ ಇದರ ಪ್ರಯೋಜನ ಎದ್ದು ಕಾಣುತ್ತದೆ.

ಟೀವಿ ಎಷ್ಟು ದೊಡ್ಡದಿರಬೇಕು? ಇದಕ್ಕೂ ಲೆಕ್ಕವಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಪಾಲಿನಷ್ಟು ಸಣ್ಣ ಕೋನವನ್ನು ಬಿಡಿಸಿ ನೋಡಬಲ್ಲದು. 55 ಇಂಚಿನ ಟೀವಿಯ ಅಗಲ ಸುಮಾರು 122 ಸೆಂಟಿಮೀಟರ್. ಆ ಟೀವಿಯಲ್ಲಿ ಬ್ಲೂ-ರೇಯ ಚುಕ್ಕಿಗಳು ಕಣ್ಣಿಗೆ ಒಂದರೊಳಗೊಂದು ಬೆರೆಯುವುದು ಸುಮಾರು 2.2 ಮೀಟರ್ ದೂರದಲ್ಲಿ, 4ಕೆ ಚುಕ್ಕಿಗಳು ಬೆರೆಯುವುದು ಸುಮಾರು 1.1 ಮೀಟರಿನಲ್ಲಿ. ಎಂದರೆ 55 ಇಂಚಿನ ಟೀವಿಯನ್ನು ಮೂರು ಮೀಟರ್ ದೂರದ ಸೋಫಾದಿಂದ ನೋಡುವವರಿಗೆ 4ಕೆಯ ಹೆಚ್ಚುವರಿ ವಿವರ ಕಾಣುವುದಿಲ್ಲ. ಅವರಿಗೆ ಸಿಗುವುದು ಎಚ್‌ಡಿಆರ್ ಬೆಳಕು, ಸಮೃದ್ಧ ಬಣ್ಣ, ಒಳ್ಳೆಯ ಧ್ವನಿ. ಅವು ಎಷ್ಟು ದೂರದಿಂದಲೂ ಸಿಗುತ್ತವೆ. ವಿವರವೂ ಬೇಕೆಂದರೆ ಸೋಫಾವನ್ನು ಮುಂದೆ ಎಳೆಯಬೇಕು, ಇಲ್ಲವೇ ಮೂರು ಮೀಟರಿಗೆ 75 ಇಂಚಿಗಿಂತ ದೊಡ್ಡ ಪರದೆ ತರಬೇಕು. ಸೋಫಾ ಎಳೆಯಲು ಕಾಸು ಖರ್ಚಿಲ್ಲ.

ಎರಡನೆಯದು ಸ್ಪೀಕರ್. ಸ್ಪೀಕರುಗಳಿಗೆ ಧ್ವನಿ ಹಂಚುವ ಎ.ವಿ. ರಿಸೀವರ್ ಹಳೆಯದಾಗಿದ್ದು 4ಕೆ ಚಿತ್ರವನ್ನು ದಾಟಿಸಲಾರದಾದರೆ ಅದನ್ನು ಬದಲಿಸಲೇಬೇಕೆಂದಿಲ್ಲ. ಎರಡು ಎಚ್‌ಡಿಎಂಐ ಹೊರದಾರಿ ಇರುವ ಪ್ಲೇಯರ್ ಕೊಂಡರೆ ಒಂದರಿಂದ ಚಿತ್ರ ನೇರ ಟೀವಿಗೆ, ಇನ್ನೊಂದರಿಂದ ಧ್ವನಿ ರಿಸೀವರಿಗೆ. ಯುಬಿ820ರಲ್ಲೂ ಸೋನಿ ಎಕ್ಸ್800ಎಂ2ರಲ್ಲೂ ಇಂಥ ಎರಡು ದಾರಿಗಳಿವೆ. ಸೌಂಡ್‌ಬಾರ್ ಇರುವವರು ಟೀವಿಯ ಹಿಂಬದಿ ನೋಡಬೇಕು. ಅಲ್ಲಿ ಬರೀ ಎಆರ್‌ಸಿ ಎಂದಿದ್ದರೆ ಟ್ರೂಎಚ್‌ಡಿಯಂಥ ಪೂರ್ಣ ಧ್ವನಿ ಟೀವಿಯ ಮೂಲಕ ಸೌಂಡ್‌ಬಾರಿಗೆ ಹೋಗುವುದಿಲ್ಲ. ಇಎಆರ್‌ಸಿ ಎಂದಿದ್ದರೆ ಹೋಗುತ್ತದೆ.

ಮೂರನೆಯದು ಡಿಸ್ಕುಗಳ ಕಪಾಟು. ಬ್ಲೂ-ರೇ ಡಿಸ್ಕುಗಳಿಗೆ ಪ್ರದೇಶದ ಬೀಗವಿದೆ. ಅಮೆರಿಕ, ಜಪಾನ್, ಸಿಂಗಪುರದಂಥ ದೇಶಗಳು ‘ಎ’ ವಲಯ. ಯುರೋಪ್, ಕೊಲ್ಲಿ ರಾಷ್ಟ್ರಗಳು, ಆಸ್ಟ್ರೇಲಿಯಾ ‘ಬಿ’. ಭಾರತ, ಚೀನಾ, ರಷ್ಯಾ ‘ಸಿ’. ‘ಎ’ ಬೀಗ ಹಾಕಿದ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡುವುದಿಲ್ಲ. 4ಕೆ ಡಿಸ್ಕಿಗೆ ಈ ಬೀಗವೇ ಇಲ್ಲ. ನ್ಯೂಜೆರ್ಸಿಯಲ್ಲಿರುವ ಮಗಳು ತಂದುಕೊಟ್ಟ 4ಕೆ ಡಿಸ್ಕ್ ಹುಬ್ಬಳ್ಳಿಯ ಮನೆಯಲ್ಲಿ ಓಡುತ್ತದೆ. ಆದರೆ ಅದೇ ಡಬ್ಬಿಯಲ್ಲಿ ಜೊತೆಗೆ ಬರುವ ಬ್ಲೂ-ರೇ ಓಡದಿರಬಹುದು. ನಿರ್ದೇಶಕರ ಸಂದರ್ಶನ, ಚಿತ್ರೀಕರಣದ ಕಥೆ ಮುಂತಾದ ಹೆಚ್ಚುವರಿ ಭಾಗಗಳು ಎಷ್ಟೋ ಸಲ ಆ ಬ್ಲೂ-ರೇಯಲ್ಲೇ ಇರುತ್ತವೆ. ವಿದೇಶದಿಂದ ಪ್ಲೇಯರನ್ನೇ ತರಿಸುವವರು ಹಿಂಬದಿಯ ಚೀಟಿಯಲ್ಲಿ 100ರಿಂದ 240 ವೋಲ್ಟ್ ಎಂದಿದೆಯೇ ನೋಡಬೇಕು. ಬರೀ 110 ಅಥವಾ 120 ಎಂದಿದ್ದರೆ ನಮ್ಮ 230 ವೋಲ್ಟಿಗೆ ಹಾಕಿದ ಕೂಡಲೇ ಸುಟ್ಟುಹೋದೀತು.

ಲ್ಯಾಪ್‌ಟಾಪಿಗೆ ಡ್ರೈವ್ ಸಿಕ್ಕಿಸಿ ನೋಡೋಣವೆಂದರೆ ಆ ದಾರಿ ಬಹುತೇಕ ಮುಚ್ಚಿದೆ. 4ಕೆ ಡಿಸ್ಕಿನ ಗೂಢಲಿಪಿ ಬಿಡಿಸಲು ಅಧಿಕೃತ ತಂತ್ರಾಂಶಕ್ಕೆ ಇಂಟೆಲ್ ಚಿಪ್ಪಿನ ಎಸ್‌ಜಿಎಕ್ಸ್ ಎಂಬ ಸೌಲಭ್ಯ ಬೇಕಿತ್ತು. 11ನೇ ತಲೆಮಾರಿನಿಂದೀಚೆಗೆ ಮನೆಬಳಕೆಯ ಚಿಪ್ಪುಗಳಿಂದ ಇಂಟೆಲ್ ಅದನ್ನು ತೆಗೆಯುತ್ತ ಬಂತು.

ಪ್ಲೇಯರ್ ಮನೆಗೆ ಬಂತು ಎಂದಿಟ್ಟುಕೊಳ್ಳೋಣ. ಕೇಬಲ್ಲಿನಿಂದ ಶುರುಮಾಡಬೇಕು. ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುವ ‘ಪ್ರೀಮಿಯಂ ಹೈ ಸ್ಪೀಡ್’ ಗುರುತಿನ ಎಚ್‌ಡಿಎಂಐ ಕೇಬಲ್ 4ಕೆ ಡಿಸ್ಕಿಗೆ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೇಬಲ್ಲುಗಳ ರಾಶಿಯೇ ಸಿಗುತ್ತದೆ. ಕೇಳಬೇಕಾದ್ದು ಚಿನ್ನದ ಲೇಪವನ್ನಲ್ಲ, ಈ ಗುರುತನ್ನು. ಕೇಬಲ್ಲಿಗೆ ಶಕ್ತಿ ಸಾಲದಿದ್ದರೆ ಚಿತ್ರ ಸ್ವಲ್ಪ ಮಸುಕಾಗಿ ಬರುವುದಿಲ್ಲ. ಮಿಂಚುಹುಳದಂಥ ಬಿಳಿ ಚುಕ್ಕಿಗಳು ಹಾರುತ್ತವೆ, ಇಲ್ಲವೇ ಪರದೆ ಆಗಾಗ ಕಪ್ಪಾಗುತ್ತದೆ. ಪ್ರೊಜೆಕ್ಟರಿಗೆಂದು ಹತ್ತು ಮೀಟರ್ ಎಳೆಯಬೇಕಾದರೆ ತಾಮ್ರದ ಕೇಬಲ್ ಬಿಟ್ಟು ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಹಾಕಬೇಕು.

ಮುಂದಿನದು ಬಹಳ ಮನೆಗಳಲ್ಲಿ ತಪ್ಪಿಹೋಗುವ ಹೆಜ್ಜೆ. ಎಷ್ಟೋ ಟೀವಿಗಳು ಕಾರ್ಖಾನೆಯಿಂದ ಬರುವಾಗ ಎಚ್‌ಡಿಎಂಐ ಕಿಂಡಿಯ ಪೂರ್ಣ ಸಾಮರ್ಥ್ಯವನ್ನು ತೆರೆದಿರುವುದಿಲ್ಲ. ಸೋನಿ ಟೀವಿಯಲ್ಲಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’ ಎಂಬಲ್ಲಿ ‘ಎನ್‌ಹಾನ್ಸ್‌ಡ್’ ಎಂದು ಮಾಡಬೇಕು. ಸ್ಯಾಮ್ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಅಲ್ಟ್ರಾ ಎಚ್‌ಡಿ ಡೀಪ್ ಕಲರ್’. ಪ್ಲೇಯರ್ ಸಿಕ್ಕಿಸಿದ ಕಿಂಡಿಗೇ ಇದನ್ನು ಆನ್ ಮಾಡಬೇಕು. ಮಾಡದಿದ್ದರೆ 4ಕೆ ಡಿಸ್ಕ್ ಹಾಕಿದರೂ ಎಚ್‌ಡಿಆರ್ ಬರುವುದಿಲ್ಲ, ಬಾರದ್ದು ಯಾರಿಗೂ ಗೊತ್ತಾಗುವುದೂ ಇಲ್ಲ. ಡಿಸ್ಕ್ ಶುರುವಾದಾಗ ಟೀವಿಯ ಮೂಲೆಯಲ್ಲಿ ಎಚ್‌ಡಿಆರ್ ಅಥವಾ ಡಾಲ್ಬಿ ವಿಷನ್ ಎಂಬ ಗುರುತು ಕ್ಷಣಕಾಲ ಕಾಣಬೇಕು. ಸೋನಿಯ ಎಕ್ಸ್700 ಇಟ್ಟುಕೊಂಡವರಿಗೆ ಇನ್ನೊಂದು ಕೆಲಸವಿದೆ: ಆ ಪ್ಲೇಯರಿನಲ್ಲಿ ಡಾಲ್ಬಿ ವಿಷನ್ ತಾನಾಗಿ ಬದಲಾಗುವುದಿಲ್ಲ, ಡಿಸ್ಕಿಗೆ ತಕ್ಕಂತೆ ಮೆನುವಿನಲ್ಲಿ ಕೈಯಾರೆ ಆನ್ ಅಥವಾ ಆಫ್ ಮಾಡಬೇಕು.

ನಂತರ ಚಲನೆ. ಸಿನಿಮಾಗಳು ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಚಿತ್ರಿತವಾಗಿರುತ್ತವೆ. ಪ್ಲೇಯರಿನಲ್ಲಿ 24ಪಿ ಆಯ್ಕೆಯನ್ನು ಆನ್ ಮಾಡಬೇಕು. ಟೀವಿಯಲ್ಲಿ ಮಾತ್ರ ಚೌಕಟ್ಟುಗಳ ನಡುವೆ ಕೃತಕ ಚೌಕಟ್ಟು ತುರುಕುವ ಸೌಲಭ್ಯವನ್ನು ಆಫ್ ಮಾಡಬೇಕು. ಮೋಶನ್‌ಫ್ಲೋ, ಟ್ರೂಮೋಶನ್, ಆಟೊ ಮೋಶನ್ ಪ್ಲಸ್ ಎಂದು ಕಂಪನಿಗೊಂದು ಹೆಸರು ಅದಕ್ಕೆ. ಕ್ರಿಕೆಟ್ಟಿಗೆ ಅದು ಹೊಂದುತ್ತದೆ. ಸಿನಿಮಾ ಅದರಿಂದ ಟೀವಿ ಧಾರಾವಾಹಿಯಂತೆ ಕಾಣುತ್ತದೆ. 2018ರ ಡಿಸೆಂಬರಿನಲ್ಲಿ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಒಂದು ವಿಡಿಯೊ ಮಾಡಿ, ಇದನ್ನು ಆಫ್ ಮಾಡಿ ಎಂದು ಪ್ರೇಕ್ಷಕರನ್ನು ಬೇಡಿಕೊಂಡರು. ಮರುವರ್ಷ ಮಾರ್ಟಿನ್ ಸ್ಕಾರ್ಸೆಸಿ, ಕ್ರಿಸ್ಟೋಫರ್ ನೋಲನ್ ಮೊದಲಾದವರ ಬೆಂಬಲದೊಂದಿಗೆ ‘ಫಿಲ್ಮ್‌ಮೇಕರ್ ಮೋಡ್’ ಬಂತು. ಟೀವಿಯಲ್ಲಿ ಅದಿದ್ದರೆ ಒಂದೇ ಗುಂಡಿ ಒತ್ತಿದರೆ ಸಾಕು, ಈ ತಿದ್ದುಪಡಿಗಳೆಲ್ಲ ನಿಲ್ಲುತ್ತವೆ. ಇಲ್ಲದಿದ್ದರೆ ‘ಸಿನಿಮಾ’ ಎಂಬ ಆಯ್ಕೆ ಆರಿಸಬೇಕು. ಅಂಗಡಿಯಲ್ಲಿ ಕಣ್ಣು ಕುಕ್ಕಲೆಂದು ಮಾಡಿದ ‘ವಿವಿಡ್’ ಮನೆಗೆ ಬೇಡ. ಮೊದಲೆರಡು ದಿನ ಸಿನಿಮಾ ಆಯ್ಕೆ ಹಳದಿಯೆನಿಸುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ಮುಖಗಳ ಬಣ್ಣ ಮುಖದ ಬಣ್ಣದಂತೆಯೇ ಕಾಣುತ್ತದೆ.

ಧ್ವನಿಗೆ ಎರಡು ಕೆಲಸ. ಪ್ಲೇಯರಿನ ಡಿಜಿಟಲ್ ಆಡಿಯೊ ಆಯ್ಕೆಯನ್ನು ‘ಬಿಟ್‌ಸ್ಟ್ರೀಮ್’ ಎಂದು ಇಡಬೇಕು. ಆಗ ಡಾಲ್ಬಿ ಆಟ್ಮಸ್ ಎಂಬ ಸುತ್ತುವರಿ ಧ್ವನಿಯನ್ನು ಬಿಡಿಸುವ ಕೆಲಸ ರಿಸೀವರಿಗೆ ಹೋಗುತ್ತದೆ. ‘ಸೆಕೆಂಡರಿ ಆಡಿಯೊ’ ಅಥವಾ ‘ಬಿಡಿ ಆಡಿಯೊ ಮಿಕ್ಸ್’ ಎಂಬುದನ್ನು ಆಫ್ ಮಾಡಬೇಕು. ಮೆನುವಿನ ಟಿಕ್ ಟಿಕ್ ಸದ್ದನ್ನೂ ವ್ಯಾಖ್ಯಾನವನ್ನೂ ಬೆರೆಸಲೆಂದು ಇರುವ ಆ ಆಯ್ಕೆ ಆನ್ ಇದ್ದರೆ ಆಟ್ಮಸ್ ಬರುವುದೇ ಇಲ್ಲ.

ಇನ್ನು ಆರೈಕೆಯ ಮಾತು. 100 ಗಿಗಾಬೈಟಿನ ಡಿಸ್ಕಿನಲ್ಲಿ ಮಾಹಿತಿ ಮೂರು ಪದರಗಳಲ್ಲಿರುತ್ತದೆ. ಒಂದು ಬೆರಳಚ್ಚು, ಒಂದು ಎಣ್ಣೆ ಕಲೆ ಇದ್ದರೂ ಚಿತ್ರ ನಡುವೆ ನಿಂತುಹೋಗಬಹುದು. ಕೆಲವು ಸಲ ಹೊಸ ಡಿಸ್ಕಿನ ಮೇಲೂ ತೆಳು ಧೂಳಿರುತ್ತದೆ. ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ದುಂಡಗೆ ತಿಕ್ಕಬಾರದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಎ.ಸಿ. ಕೋಣೆಯಿಂದ ಪ್ಲೇಯರನ್ನು ಹೊರತಂದರೆ ಒಳಗಿನ ಲೆನ್ಸಿನ ಮೇಲೆ ತೇವ ಕೂರುತ್ತದೆ. ಒಂದೆರಡು ಗಂಟೆ ಬಿಟ್ಟು ಹಾಕುವುದು ಒಳ್ಳೆಯದು. ಇಂಟರ್ನೆಟ್ಟಿಗೆ ಆಗಾಗ ಜೋಡಿಸಿ ಫರ್ಮ್‌ವೇರ್ ಹೊಸದಾಗಿಸಿಕೊಂಡರೆ ಹೊಸ ಡಿಸ್ಕುಗಳು ತಕರಾರಿಲ್ಲದೆ ಓಡುತ್ತವೆ.

ಡಿಸ್ಕ್ ಕೊಳ್ಳುವಾಗ ಡಬ್ಬಿಯ ಮೇಲೆ 4ಕೆ ಎಂದಿದ್ದರೆ ಸಾಲದು. ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ನಂಥ ಹೊಸ ಚಿತ್ರಗಳೂ 2ಕೆ ಮಟ್ಟದಲ್ಲಿ ಸಂಸ್ಕರಣೆಗೊಂಡು ಆಮೇಲೆ 4ಕೆಗೆ ಏರಿದವು. ಅವುಗಳಲ್ಲಿ ಎಚ್‌ಡಿಆರ್ ಲಾಭ ಪೂರ್ತಿ ಸಿಗುತ್ತದೆ, ವಿವರದ ಲಾಭ ಕಡಿಮೆ. ಫಿಲ್ಮಿನಲ್ಲಿ ಚಿತ್ರಿಸಿದ ಹಳೆಯ ಚಿತ್ರಗಳನ್ನು ನೆಗೆಟಿವಿನಿಂದ ಹೊಸದಾಗಿ ಸ್ಕ್ಯಾನ್ ಮಾಡಿದಾಗ ಎರಡೂ ಸಿಗುತ್ತವೆ. ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರ ಬೆಂಕಿಗೆ ಸಿಕ್ಕಿದ್ದವು. ಇಟಲಿಯ ಬೊಲೊನ್ಯಾದ ತಂತ್ರಜ್ಞರು ಸುರುಟಿದ ಫಿಲ್ಮನ್ನು ಮತ್ತೆ ಮೃದುಮಾಡಿ, ಕೈಯಿಂದ ಅಂಚು ಕಟ್ಟಿ ಸ್ಕ್ಯಾನ್ ಮಾಡಿದರು. ‘ಪಥೇರ್ ಪಾಂಚಾಲಿ’ಯ ಶೇ. 40ರಷ್ಟು, ‘ಅಪರಾಜಿತೊ’ದ ಶೇ. 60ಕ್ಕೂ ಹೆಚ್ಚು ಭಾಗ ಆ ಸುಟ್ಟ ನೆಗೆಟಿವಿನಿಂದಲೇ ಬಂತು. ಉಳಿದದ್ದನ್ನು ಬೇರೆ ಬೇರೆ ಕಡೆ ಇದ್ದ ಪ್ರತಿಗಳಿಂದ ತುಂಬಿದರು. ಆ ಚಿತ್ರಗಳನ್ನು ಕ್ರೈಟೀರಿಯನ್ ಸಂಸ್ಥೆ ಡಿಸ್ಕಿನಲ್ಲಿ ಹೊರತಂದಿದೆ.

ಕನ್ನಡಕ್ಕೂ ಈ ಮರುಜೀವ ಮುಟ್ಟಿದೆ. ಯು.ಆರ್. ಅನಂತಮೂರ್ತಿ ಅವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ 1977ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’, ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣದೊಂದಿಗೆ, ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಸ್ಕಾರ್ಸೆಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಶ್ರಮದಿಂದ ನವೀಕರಣಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಇಂಥ ಪ್ರತಿಗಳು ಚಿತ್ರೋತ್ಸವದಲ್ಲೊಮ್ಮೆ ಓಡಿ ಪೆಟ್ಟಿಗೆ ಸೇರಬಾರದು. ಬೆಂಗಳೂರಿನ ಸುಚಿತ್ರಾದಂಥ ಫಿಲ್ಮ್ ಸೊಸೈಟಿಗಳು, ಜಿಲ್ಲಾ ಕೇಂದ್ರಗಳ ಕಾಲೇಜುಗಳು, ಹೊರದೇಶದ ಕನ್ನಡ ಕೂಟಗಳು ಒಳ್ಳೆಯ ಕನ್ನಡ ಚಿತ್ರಗಳ 4ಕೆ ಡಿಸ್ಕ್ ಬೇಕೆಂದು ನಿರ್ಮಾಪಕರನ್ನೂ ಚಲನಚಿತ್ರ ಅಕಾಡೆಮಿಯನ್ನೂ ಕೇಳಬೇಕು, ಮುಂಗಡ ಹಣ ಕೊಟ್ಟು ಕಾಯ್ದಿರಿಸಲು ಸಿದ್ಧವಿರಬೇಕು. ಡಿಸ್ಕ್ ಒತ್ತಿಸುವ ಖರ್ಚು ಪ್ರತಿಗಳ ಸಂಖ್ಯೆ ಹೆಚ್ಚಿದಷ್ಟೂ ಒಂದೊಂದು ಪ್ರತಿಯ ಮೇಲೆ ಕಡಿಮೆಯಾಗುತ್ತದೆ. ಕೊಳ್ಳುವವರು ಇಷ್ಟು ಮಂದಿ ಇದ್ದೇವೆ ಎಂದು ಪಟ್ಟಿ ಹಿಡಿದು ಹೋದರೆ ನಿರ್ಮಾಪಕರೊಡನೆ ಮಾತು ಶುರುಮಾಡುವುದು ಸುಲಭ.